ಲೀಟರಿಗೆ ಎಷ್ಟು ಕೊಡುತ್ತೆ?

"ಬುದ್ಧಿ, ಭಕ್ತರು ಪ್ರೀತಿಯಿಂದ ಕೊಡುತ್ತೇವೆ ಅನ್ನುತ್ತಿರುವ ದೊಡ್ಡ ಕಾರನ್ನು ತಾವು ಯಾಕೆ ಬೇಡ ಅನ್ನುತ್ತೀರಿ?" ಎಂದು ಶಿಷ್ಯ ಮರುಳಯ್ಯ ಗುರುಗಳನ್ನು ಕೇಳಿದ.

ಮಠದ ಚಿಕ್ಕ ಕಾರನ್ನು ಓಡಿಸುವವನು ಅವನೇ. ಹಿಂದಿನ ದಿನ ಒಂದು ಸಮಾರಂಭದ ಬಾಗಿಲಲ್ಲಿ ಕಾವಲಿನವನು ದೊಡ್ಡ ಕಾರುಗಳನ್ನೆಲ್ಲ ಒಳಗೆ ಬಿಟ್ಟು ಇವರದನ್ನು ಮಾತ್ರ ಹೊರಗೆ ನಿಲ್ಲಿಸಿದ್ದ. ಅದರಲ್ಲಿ ಕೂತವರೇ ಆ ದಿನದ ಮುಖ್ಯ ಅತಿಥಿಗಳೆಂದು ಅವನಿಗೆ ಹೊಳೆಯಲೇ ಇಲ್ಲ. ಗುರುಗಳು ನಗುತ್ತ ಇಳಿದು ನಡೆದುಕೊಂಡು ಹೋಗಿದ್ದರು. ಮರುಳಯ್ಯ ಮಾತ್ರ ಆ ದಿನ ಊಟ ಬಿಟ್ಟಿದ್ದ.

"ಕೂತುಕೋ," ಎಂದರು ಗುರುಗಳು. "ನಿನ್ನ ಮುಖ ನೋಡಿದರೆ ಕಾವಲಿನವನು ಹೊರಗೆ ನಿಲ್ಲಿಸಿದ್ದು ನಿನ್ನನ್ನೇ ಅನ್ನಿಸುತ್ತದೆ. ಒಂದು ಕತೆ ಹೇಳುತ್ತೇನೆ, ಕೇಳು."

ಒಂದು ಊರಿನಲ್ಲಿ ಹೊಲಿಗೆ ಯಂತ್ರ ರಿಪೇರಿ ಮಾಡುವವನೊಬ್ಬನಿದ್ದ. ಅವನ ಹತ್ತಿರ ಒಂದು ಚಿಕ್ಕ ಕಾರಿತ್ತು. ಸುತ್ತಿನ ಹಳ್ಳಿಗಳಿಗೆ ಅದರಲ್ಲೇ ಹೋಗಿ ದರ್ಜಿಗಳ ಯಂತ್ರಗಳನ್ನು ಸರಿಮಾಡಿ ಬರುತ್ತಿದ್ದ. ದೊಡ್ಡ ರಿಪೇರಿಯಿದ್ದರೆ ಯಂತ್ರವನ್ನು ಹಿಂದಿನ ಸೀಟಿನಲ್ಲಿ ಇಟ್ಟುಕೊಂಡು ಮನೆಗೆ ತರುತ್ತಿದ್ದ. ಸೈಕಲ್ಲು ಹೋಗುವ ಓಣಿಗಿಂತ ತುಸು ಅಗಲವಿದ್ದರೆ ಆ ಕಾರು ಒಳಗೆ ಹೋಗುತ್ತಿತ್ತು. ತಿರುಗಿಸಿಕೊಳ್ಳಲು ಒಂದು ಅಂಗಳ ಸಾಕಾಗುತ್ತಿತ್ತು. ತುಟಿ ಒದ್ದೆಯಾಗುವಷ್ಟು ಪೆಟ್ರೋಲು ಕುಡಿದು ಊರು ಮುಟ್ಟಿಸುತ್ತಿತ್ತು. ಏನಾದರೂ ಕೆಟ್ಟರೆ ಅವನೇ ಬಾನೆಟ್ಟು ಎತ್ತಿ ಸರಿಮಾಡಿಕೊಳ್ಳುತ್ತಿದ್ದ. ಅದರ ನಾಲ್ಕು ಮೂಲೆ ಎಲ್ಲೆಲ್ಲಿವೆ ಎಂಬುದು ಅವನ ಮೈಗೇ ಗೊತ್ತಿತ್ತು. ಖಾಲಿ ರಸ್ತೆ ಸಿಕ್ಕರೆ ಗಾಜು ಇಳಿಸಿ ಜೋರಾಗಿ ಹಾಡಿಕೊಳ್ಳುತ್ತಿದ್ದ. ಅವನ ರಾಗ ಕೇಳುವ ಹಾಗಿರಲಿಲ್ಲ, ಆದರೆ ಅವನು ಸುಖವಾಗಿದ್ದ.

ಒಂದೇ ಕೊರಗು. ಮೂವತ್ತೈದು ದಾಟಿದರೂ ಮದುವೆಯಾಗಿರಲಿಲ್ಲ. ಏಳು ಕಡೆ ಹೆಣ್ಣು ನೋಡಿದ್ದರು, ಏಳು ಕಡೆಯೂ ಕೂಡಿಬರಲಿಲ್ಲ. ಎಂಟನೆಯವಳು ಹೊಲಿಗೆ ಕಲಿಸುವ ಹೆಣ್ಣು. ಅವಳು ಹೊಲಿದ ರವಿಕೆಯೊಂದನ್ನು ಅವನು ಯಾರದೋ ಮನೆಯಲ್ಲಿ ನೋಡಿದ್ದ. ಒಂದು ಹೊಲಿಗೆಯೂ ಡೊಂಕಾಗಿರಲಿಲ್ಲ. ಮುಖ ನೋಡುವ ಮೊದಲೇ ಹೊಲಿಗೆ ನೋಡಿ ಮೆಚ್ಚಿದ ಗಂಡು ಅವನೊಬ್ಬನೇ ಇರಬೇಕು. ಇದಾದರೂ ಆಗಲಿ ಎಂದು ಮನಸಾರೆ ಬೇಡಿಕೊಂಡ.

ಆಗ ಅವನ ಸೋದರಮಾವ ಅಡ್ಡ ಬಂದ. "ಈ ಬೆಂಕಿಪೊಟ್ಟಣದಲ್ಲಿ ಹೆಣ್ಣು ನೋಡೋಕೆ ಹೋಗ್ತೀಯೇನಯ್ಯ? ಏಳು ಸಲ ಹೋಗಿ ಬಂದಿದ್ದು ಸಾಲ್ದಾ? ಗಾಡಿ ನೋಡಿ ಮಣೆ ಹಾಕೋ ಕಾಲ ಇದು!"

ಮಾವನೇ ಹೋಗಿ ಒಬ್ಬ ಗುತ್ತಿಗೆದಾರನ ದೊಡ್ಡ ಕಾರನ್ನು ಒಂದು ದಿನಕ್ಕೆ ಕೇಳಿ ತಂದ. ಐದು ಜನ ಹತ್ತಿದರು. ಹೆಣ್ಣಿನ ಮನೆಯ ಓಣಿಯಲ್ಲಿ ಕಾರು ಅರ್ಧ ಹೋಗಿ ಸಿಕ್ಕಿಕೊಂಡಿತು. ಒಂದು ಕಡೆಯ ಬಾಗಿಲು ತೆರೆಯಲು ಜಾಗವಿರಲಿಲ್ಲ. ಐವರೂ ಒಂದೇ ಕಡೆಯಿಂದ ಒಬ್ಬರ ಹಿಂದೆ ಒಬ್ಬರು ಇಳಿದರು. ಓಣಿಯೆಲ್ಲ ಹೊರಗೆ ಬಂದು ನೋಡಿತು. ಮಾವನಿಗೆ ಅದೇ ಬೇಕಾಗಿತ್ತು.

ಹೆಣ್ಣಿನ ತಂದೆ ಅಂಚೆ ಹಂಚಿ ನಿವೃತ್ತನಾದವನು. ಪಕ್ಕದ ಮನೆಯಿಂದ ಕುರ್ಚಿ ತರಿಸಿ ಬಂದವರನ್ನು ಕೂರಿಸಿದ. ಉಪ್ಪಿಟ್ಟು, ಕೇಸರಿಬಾತು ಕೊಟ್ಟ. ತಾನು ಮಾತ್ರ ಕೂರಲಿಲ್ಲ. ತನ್ನ ಮನೆಯಲ್ಲೇ ಕೈ ಕಟ್ಟಿಕೊಂಡು ನಿಂತೇ ಇದ್ದ. ಗಂಡು ಅದನ್ನು ಗಮನಿಸಲಿಲ್ಲ. ಹೆಣ್ಣು ಬಂದು ಎದುರಿಗೆ ಕೂತರೂ ಅವನ ಬಾಯಿಂದ ಮಾತು ಹೊರಡಲಿಲ್ಲ. ಬೇರೆಯವರ ಕಾರಿಗೆ ಗೀರು ಬಿದ್ದರೆ ಏನು ಗತಿ ಎಂದು ಅವನ ಕಣ್ಣು ಬಾಗಿಲ ಕಡೆಗೇ ಇತ್ತು.

ಮೂರನೆಯ ದಿನ ಹೇಳಿಕಳಿಸಿದರು. ನಿಮ್ಮಂಥ ದೊಡ್ಡವರ ಜೊತೆ ಸಂಬಂಧ ಬೆಳೆಸುವ ಶಕ್ತಿ ನಮಗಿಲ್ಲ, ಕ್ಷಮಿಸಬೇಕು ಎಂದು. ಮಾವ ಹಿಗ್ಗಿಹೋದ. ಎಂಟು ಕಡೆಯಲ್ಲಿ ಇದೇ ಮೊದಲ ಸಲ ನಮ್ಮನ್ನು ದೊಡ್ಡವರು ಅಂದಿದ್ದಾರೆ, ಇನ್ನು ಮುಂದೆ ಇದೇ ಕಾರು ಎಂದ. ಅಳಿಯ ಮುಖ ತೊಳೆಯುವ ನೆಪದಲ್ಲಿ ಬಚ್ಚಲಿಗೆ ಹೋಗಿ ಅತ್ತ.

ಮಾತುಕತೆ ಮುರಿದ ಮೇಲೆ ಗಂಡು ಒಬ್ಬನೇ ಹೆಣ್ಣಿನ ಮನೆಗೆ ಹೋಗುವ ಪದ್ಧತಿ ಅವರಲ್ಲಿಲ್ಲ. ಅವನು ಹೋದ. ಬೆಳಿಗ್ಗೆ ಎದ್ದು ತನ್ನ ಚಿಕ್ಕ ಕಾರು ಹತ್ತಿದ. ಅದು ಓಣಿಯೊಳಗೆ ಸಲೀಸಾಗಿ ನುಗ್ಗಿ ಆ ಮನೆಯ ಜಗಲಿಯ ಮುಂದೆಯೇ ನಿಂತಿತು. ಅವನು ಇಳಿದು, ಮೊನ್ನೆಯದು ಕೇಳಿ ತಂದ ಕಾರು, ನನ್ನದು ಇದು ಎಂದು ಹೇಳಿಬಿಟ್ಟ.

ತಂದೆಯ ಮುಖ ಗಂಟಾಯಿತು. "ಕಾರಿನ ವಿಷಯಕ್ಕೇ ಸುಳ್ಳು ಹೇಳಿದೋರು ಇನ್ನು ಯಾತರಲ್ಲಿ ನಿಜ ಹೇಳ್ತೀರಿ? ಹೋಗ್ಬನ್ನಿ."

ಆ ತಂದೆ ಹೇಳಿದ್ದರಲ್ಲಿ ತಪ್ಪೇನಿದೆ ಮರುಳಯ್ಯ? ಹೆಣ್ಣು ಹೆತ್ತವನು ಹಾಗೆ ಕೇಳಲೇಬೇಕು. ರಿಪೇರಿಯವನು ಹೊರಡಲೆಂದು ಕಾರಿನ ಬಾಗಿಲಿಗೆ ಕೈ ಹಾಕಿದ.

ಅಷ್ಟರಲ್ಲಿ ಮಗಳು ಹೊರಗೆ ಬಂದಳು. ಯಾರನ್ನೂ ಮಾತಾಡಿಸಲಿಲ್ಲ. ಕಾರನ್ನು ಒಂದು ಸುತ್ತು ಹಾಕಿದಳು. ಹಿಂದಿನ ಸೀಟಿಗೆ ಇಣುಕಿ ನೋಡಿದಳು. ಅಲ್ಲಿ ಎರಡು ಹೊಲಿಗೆ ಯಂತ್ರಗಳಿದ್ದವು. ಒಂದಕ್ಕೊಂದು ತಾಗದಂತೆ ನಡುವೆ ಹಳೆಯ ಕಂಬಳಿ ಮಡಿಸಿಟ್ಟಿತ್ತು. ಅವಳು ತಲೆಯೆತ್ತಿ ಕೇಳಿದಳು.

"ಲೀಟರಿಗೆ ಎಷ್ಟು ಕೊಡುತ್ತೆ?"

"ಇಪ್ಪತ್ತೆರಡು," ಅಂದ ಅವನು. ಆಮೇಲೆ ತಡೆದು, "ಯಂತ್ರ ಹೇರಿದ್ರೆ ಹದಿನೆಂಟು," ಅಂದ.

ಅವಳಿಗೆ ನಗು ಬಂತು. "ಅಪ್ಪಾ, ಇವರಿಗೆ ಸುಳ್ಳು ಹೇಳೋಕೆ ಬರಲ್ಲ. ಯಾರೂ ಕೇಳ್ದೇನೇ ನಾಲ್ಕು ಕಿಲೋಮೀಟರು ಬಿಟ್ಟುಕೊಟ್ರು."

ತಂದೆ ಅವನನ್ನು ನೋಡಿದ. ಆ ಪುಟ್ಟ ಕಾರನ್ನು ನೋಡಿದ. ಅದರೆದುರು ಕೈ ಕಟ್ಟಿ ನಿಲ್ಲಬೇಕು ಅಂತ ಅವನಿಗೆ ಅನ್ನಿಸಲಿಲ್ಲ. ಜಗಲಿಯ ಮೇಲೆ ಕೂತ. ಪಕ್ಕದಲ್ಲಿ ಜಾಗ ತೋರಿಸಿ, ಬಾಪ್ಪ, ನೀನೂ ಕೂತ್ಕೋ ಎಂದ. ಮೊನ್ನೆ ಆಡದೆ ಉಳಿದ ಮಾತನ್ನೆಲ್ಲ ಆ ಜಗಲಿಯ ಮೇಲೆ ಆಡಿದರು. ಬಿಸಿಲೇರುವ ಹೊತ್ತಿಗೆ ಮದುವೆಯ ತಿಂಗಳೂ ಗೊತ್ತಾಯಿತು.

ಈಗ ಆ ಕಾರನ್ನು ಹೆಂಡತಿ ಓಡಿಸುತ್ತಾಳೆ. ಊರೂರಿಗೆ ಹೋಗಿ ಅವಳು ಹೊಲಿಗೆ ಕಲಿಸುತ್ತಾಳೆ, ಅವನು ಯಂತ್ರ ಸರಿಮಾಡುತ್ತಾನೆ. ಅವನು ಪಕ್ಕದ ಸೀಟಿನಲ್ಲಿ ಕೂತು ಹಾಡುತ್ತಾನೆ. ಪಾಪ, ಅವಳು ಕೇಳಿಸಿಕೊಳ್ಳುತ್ತಾಳೆ.

ಗುರುಗಳು ಕತೆ ನಿಲ್ಲಿಸಿದರು. ಮರುಳಯ್ಯ ನಕ್ಕ. ಆದರೆ ಅವನು ಹಿಡಿದ ಹಟ ಬಿಡುವವನಲ್ಲ.

"ಕತೆ ಚೆನ್ನಾಗಿದೆ ಬುದ್ಧಿ. ಆದರೆ ತಾವೇನೂ ಹೆಣ್ಣು ನೋಡಲು ಹೋಗಬೇಕಾಗಿಲ್ಲವಲ್ಲ?"

"ಇಲ್ಲಪ್ಪ," ಎಂದರು ಗುರುಗಳು. "ಆದರೆ ಆ ದೊಡ್ಡ ಕಾರಿನಲ್ಲಿ ನಾನು ಬಂದರೆ, 'ನಮ್ಮ ಮನೆಗೂ ಒಂದು ಗಳಿಗೆ ಬನ್ನಿ ಬುದ್ಧಿ' ಎಂದು ಕರೆಯುವ ಧೈರ್ಯ ಎಷ್ಟು ಮನೆಗಳಿಗೆ ಉಳಿಯುತ್ತದೆ, ಹೇಳು?"