ಬಿಗಿಯಾಗಿ ಕಟ್ಟಿಸಿಕೊಂಡ ಸ್ವಿಚ್ಚು

ಕಾಡು ಕಾಯುವ ಕೇತೇಗೌಡ ಕೋವಿಗೊಂದು ಟಾರ್ಚು ಸಿಕ್ಕಿಸಿ, ಅದರ ಒತ್ತು ಸ್ವಿಚ್ಚನ್ನು ಹೆಬ್ಬೆರಳಿಗೆ ಸಿಗುವಂತೆ ಸೈಕಲ್ ಟ್ಯೂಬಿನ ಪಟ್ಟಿಯಿಂದ ಕಟ್ಟಿದ. ಸ್ವಿಚ್ಚಿಗೆ ಎಲ್ಲಿ ಬಿದ್ದುಹೋಗುತ್ತೇನೋ ಎಂಬ ದಿಗಿಲು.

"ಇನ್ನೊಂಚೂರು ಬಿಗಿ ಹಿಡಿಯೋ ಅಣ್ಣಾ," ಎಂದು ಪಟ್ಟಿಯನ್ನು ಬೇಡಿತು.

"ನನ್ನ ಹಿಡಿತಕ್ಕೆ ಏಳು ಆನೆ ಜೋತುಬಿದ್ದಿದ್ದವು, ನಿನ್ನದೇನು ಮಹಾ!" ಎಂದು ಪಟ್ಟಿ ಹಿಂಡಿ ಹಿಡಿಯಿತು.

ಬಿಸಿಲ ದಾರಿಯುದ್ದಕ್ಕೂ ಸ್ವಿಚ್ಚು ಅದನ್ನೇ ಬೇಡುತ್ತ ಬಂತು.

ಗಾಯಗೊಂಡ ಚಿರತೆ ಅಡಗಿದ್ದ ಗವಿಯೊಳಗೆ ಕಾಲಿಟ್ಟ ಗೌಡ ಹೆಬ್ಬೆರಳು ಒತ್ತಿದ. ಬೆಳಕು ಬರಲಿಲ್ಲ.

"ಟಾರ್ಚಕ್ಕಾ, ಬೇಗ ಉರಿಯೇ! ಯಜಮಾನ ಸಾಯ್ತಾನೆ!" ಎಂದು ಸ್ವಿಚ್ಚು ಕೂಗಿತು.

"ಎಲ್ಲಿಂದ ಉರಿಯಲಿ ತಂಗೀ? ಪಟ್ಟಿಯಣ್ಣ ಹಿಂಡಿದಾಗಿನಿಂದ ನೀನು ಒತ್ತಿಕೊಂಡೇ ಇದ್ದೆ. ಬಿಸಿಲಲ್ಲಿ ಯಾರಿಗೂ ಕಾಣದೆ ಉರಿದು ಮುಗಿದೆ."

ಪಟ್ಟಿ ಸಡಿಲವಾಯಿತು. ಆದರೂ ಸ್ವಿಚ್ಚು ಬೀಳಲಿಲ್ಲ. ಕತ್ತಲಲ್ಲಿ ಚಿರತೆ ಗುರುಗುಟ್ಟಿತು.