ಹೋಗಿ ಬರ್ತೇನೆ ಅಂದ ಜಟ್ಟ

ಕತೆ ಕೇಳೋರು ಸ್ವಲ್ಪ ಹತ್ತಿರ ಬನ್ನಿ. ಇದು ನೀರಿನ ಕತೆ, ದೊಡ್ಡ ದನಿಯಲ್ಲಿ ಹೇಳಲು ನನಗೇ ಹೆದರಿಕೆ. ನಗೋರು ಮೊದಲೇ ನಕ್ಕುಬಿಡಿ. ಆಮೇಲೆ ನಗು ಬರ್ತದೋ ಇಲ್ಲವೋ, ನಾನು ಹೇಳಲಾರೆ.

ಒಂದು ಕಡಲ ಊರು. ಆ ಊರಲ್ಲಿ ಮಾಸ್ತಮ್ಮ ಅಂತ ಒಬ್ಬಳು ಹೆಂಗಸು. ಅವಳಿಗೆ ಜಟ್ಟ ಅಂತ ಒಬ್ಬನೇ ಮಗ. ಆಳು ಬಾಗಿಲಷ್ಟು ಎತ್ತರ, ಬಾಗಿಲಷ್ಟು ಅಗಲ. ತಲೆಯೂ ಬಾಗಿಲಷ್ಟೇ ಗಟ್ಟಿ! ಕೆಟ್ಟವನಲ್ಲ ಪಾಪ. ಹೇಳಿದ ಮಾತು ಮೀರಿದವನಲ್ಲ. ಅದೇ ತೊಂದರೆ ನೋಡಿ. ಹೇಳಿದ್ದನ್ನೇ ಮಾಡ್ತಿದ್ದ, ಹೇಳಿದಷ್ಟೇ ಮಾಡ್ತಿದ್ದ, ಹೇಳಿದ ಹಾಗೇ ಮಾಡ್ತಿದ್ದ.

"ಜಟ್ಟಾ, ಅಂಗಳದಲ್ಲಿ ಮೀನು ಒಣಗಲು ಹಾಕಿದ್ದೇನೆ. ಸ್ವಲ್ಪ ಕಣ್ಣಿಡು!" ಅಂತ ಹೇಳಿ ಮಾಸ್ತಮ್ಮ ಬಾವಿಗೆ ಹೋದಳು. ತಿರುಗಿ ಬಂದು ನೋಡಿದರೆ ಜಟ್ಟ ಮಕಾಡೆ ಮಲಗಿ, ಒಂದು ಬಂಗುಡೆಯ ಮೇಲೆ ಕಣ್ಣು ಒತ್ತಿ ಇಟ್ಟಿದ್ದಾನೆ. ಉಳಿದ ಮೀನೆಲ್ಲ ಕಾಗೆಯ ಪಾಲು!

"ಉಪ್ಪು ಉರೀತದೆ ಅಮ್ಮಾ. ಇನ್ನು ಕಣ್ಣು ತೆಗೀಲಾ?"

ಮಾಸ್ತಮ್ಮ ತಲೆ ತಲೆ ಚಚ್ಚಿಕೊಂಡಳು. "ದೇವರೇ, ನಾನು ಸತ್ತ ಮೇಲೆ ಇವನ ಗತಿ ಏನಪ್ಪಾ!"

ಈ ಮಾಸ್ತಮ್ಮನ ಗಂಡ ಕಡಲಿಗೆ ಹೋದವನು ತಿರುಗಿ ಬಂದವನಲ್ಲ. ಆವತ್ತು ಬೆಳಿಗ್ಗೆ ಜೊತೆಯವರು ಕೂಗಿದರು ಅಂತ ಅವಸರದಲ್ಲಿ "ಏ, ನಾನು ಹೋಗ್ತೇನೆ" ಅಂದ, ಹೋದ. ಬಿಳಿಗಲ್ಲು ಕೊಲ್ಲಿಯ ಹತ್ತಿರ ಗಾಳಿ ಎದ್ದಿತಂತೆ. ಸಂಜೆ ದಡಕ್ಕೆ ತೇಲಿ ಬಂದದ್ದು ಅವನ ದೋಣಿಯ ಎರಡು ಹುಟ್ಟು ಮಾತ್ರ. ದೋಣಿ ಇಲ್ಲ, ಹೆಣ ಕೂಡ ಇಲ್ಲ. ಆಗ ಜಟ್ಟ ತೊಟ್ಟಿಲ ಕೂಸು.

ಅವತ್ತಿನಿಂದ ಮಾಸ್ತಮ್ಮನಿಗೆ ಒಂದೇ ಹಟ. "ಮಗಾ, ಹೊಸ್ತಿಲು ದಾಟುವಾಗ 'ಹೋಗ್ತೇನೆ' ಅನ್ನಬಾರದು. 'ಹೋಗಿ ಬರ್ತೇನೆ' ಅನ್ನಬೇಕು. ಹಾಗೆ ಅಂದವರು ಬಂದೇ ಬರ್ತಾರೆ!"

ಜಟ್ಟನಿಗೆ ಅಷ್ಟು ಸಾಕು. ಬಚ್ಚಲಿಗೆ ಹೋಗುವಾಗಲೂ "ಹೋಗಿ ಬರ್ತೇನೆ!" ಕೋಳಿಗೂಡಿಗೆ ಹೋಗುವಾಗಲೂ "ಹೋಗಿ ಬರ್ತೇನೆ!" ಕೋಳಿಗಳಿಗೂ ಹೇಳಿಯೇ ಮನೆಗೆ ಬರ್ತಿದ್ದ, ಮತ್ತೆ ಸಂಜೆ ಕೊಟ್ಟ ಮಾತಿನಂತೆ ಗೂಡಿಗೆ ಹೋಗ್ತಿದ್ದ.

ಈ ಬಿಳಿಗಲ್ಲು ಕೊಲ್ಲಿ ಇದೆಯಲ್ಲ, ಅದನ್ನು ನೋಡಲು ಎಲ್ಲೆಲ್ಲಿಂದಲೋ ಜನ ಬರ್ತಿದ್ದರು. ಸುಣ್ಣಕಲ್ಲಿನ ಗುಡ್ಡಗಳು ನೀರೊಳಗಿಂದ ನೆಟ್ಟಗೆ ಎದ್ದು ನಿಂತಿವೆ. ಉಪ್ಪುನೀರು ಬುಡವನ್ನು ತಿಂದು ತಿಂದು ಗವಿ ಕೊರೆದಿದೆ. ಮಾಸ್ತಮ್ಮನ ತಮ್ಮ ದುರ್ಗಪ್ಪ ಒಂದು ಹಾಯಿದೋಣಿಯ ತಾಂಡೇಲ, ಅಂದರೆ ದೋಣಿಗೆ ಅವನೇ ಯಜಮಾನ. ಬೆಳಿಗ್ಗೆ ಜನರನ್ನು ಕೂರಿಸಿಕೊಂಡು ಹೋಗಿ, ಗುಡ್ಡ ಗವಿ ಎಲ್ಲ ತೋರಿಸಿ, ಹೊತ್ತು ಮುಳುಗುವುದರೊಳಗೆ ತಂದು ಬಿಡ್ತಿದ್ದ.

ಜಟ್ಟ ಗಂಟು ಬಿದ್ದ. "ಅಮ್ಮಾ, ನಾನೂ ನೋಡಬೇಕು!"

"ಬೇಡ!"

"ಅಮ್ಮಾ, ಒಂದೇ ದಿನ!"

"ಬೇಡ ಅಂದರೆ ಬೇಡ! ಆ ನೀರಿಗೆ ಒಬ್ಬನನ್ನು ಕೊಟ್ಟದ್ದು ಸಾಲದಾ?"

ದುರ್ಗಪ್ಪ ನಡುವೆ ಬಂದ. "ಅಕ್ಕಾ, ಎಷ್ಟು ದಿನ ಸೆರಗಲ್ಲಿ ಕಟ್ಟಿಕೊಂಡು ಇರ್ತೀಯ? ನಾನಿದ್ದೇನಲ್ಲ. ಕರಕೊಂಡು ಹೋಗಿ ಕರಕೊಂಡು ಬರ್ತೇನೆ."

ಮಾಸ್ತಮ್ಮನಿಗೆ ಮನಸ್ಸಿರಲಿಲ್ಲ. ಆದರೂ ಒಪ್ಪಿದಳು. ಮಗನಿಗೆ ಬುದ್ಧಿ ಹೇಳಿದಳು. "ಏನೇ ಆಗಲಿ, ಮಾವನ ಕೈ ಬಿಡಬೇಡ. ತಿಳೀತಾ?"

"ತಿಳೀತು ಅಮ್ಮಾ. ಹೋಗಿ ಬರ್ತೇನೆ!"

ದೋಣಿ ಹೊರಟಿತು. ನೋಡಲು ಬಂದವರು ಏಳೆಂಟು ಜನ. ಅವರಲ್ಲಿ ಘಟ್ಟದ ಮೇಲಿನಿಂದ ಬಂದ ನೀಲಮ್ಮಜ್ಜಿ ಒಬ್ಬಳು. ಜನ್ಮದಲ್ಲಿ ಕೆರೆಗಿಂತ ದೊಡ್ಡ ನೀರು ಕಂಡವಳಲ್ಲ. ಕಣ್ಣು ಮುಚ್ಚಿ, ದೋಣಿಯ ಹಲಗೆ ಗಟ್ಟಿ ಹಿಡಿದು, ಮನೆದೇವರನ್ನು ಕರೀತಾ ಕೂತಿದ್ದಳು.

ಗಾಳಿ ಬಂತು. ಬಿಳೀ ಗುಡ್ಡ ಎದುರಿಗೇ ಬಂತು. ದುರ್ಗಪ್ಪ ಚುಕ್ಕಾಣಿ ತಿರುಗಿಸಲು ಕೈ ಚಾಚಿದ. ಕೈ ಬರಲಿಲ್ಲ! ಜಟ್ಟ ಎರಡೂ ಕೈಯಲ್ಲಿ ಮಾವನ ಕೈ ಅಪ್ಪಿ ಹಿಡಿದಿದ್ದಾನೆ.

"ಬಿಡೋ!"

"ಇಲ್ಲ ಮಾವಾ!"

"ಗುಡ್ಡ ಬಂತು, ಕೈ ಬಿಡೋ ಮಾರಾಯಾ!"

"ಅಮ್ಮ ಬಿಡಬೇಡ ಅಂದಿದ್ದಾಳೆ!"

ಕರ್ರ್ ಅಂತ ದೋಣಿಯ ಪಕ್ಕ ಕಲ್ಲಿಗೆ ಉಜ್ಜಿತು. ಜನ ಕಿರುಚಿದರು. ದುರ್ಗಪ್ಪ ಕಾಲಿನಿಂದ ಚುಕ್ಕಾಣಿ ಒದ್ದು, ಹೇಗೋ ದೋಣಿ ತಪ್ಪಿಸಿದ. ಒಂದು ಗೇಣು ಆಚೀಚೆ ಆಗಿದ್ದರೆ ಅಷ್ಟೂ ಜನ ನೀರುಪಾಲು.

"ಪೆದ್ದು ಮುಂಡೇದೇ! ನನ್ನ ಕೈ ಹಿಡಿದರೆ ದೋಣಿ ನಡೆಸೋದು ಯಾರು, ನಿನ್ನ ಅಜ್ಜನಾ? ಹಿಡೀಲೇಬೇಕು ಅಂದರೆ ಹಗ್ಗ ಹಿಡ್ಕೋ. ಹಿಡಿದ ಹಗ್ಗ ಮಾತ್ರ ಬಿಡಬೇಡ!"

"ಆಯ್ತು ಮಾವಾ. ಹಗ್ಗ ಬಿಡೋದಿಲ್ಲ."

ದೋಣಿ ದೊಡ್ಡ ಗವಿಯ ಹತ್ತಿರ ಬಂತು. ಜನ ಬುತ್ತಿ ಬಿಚ್ಚುವ ಹೊತ್ತು. ದುರ್ಗಪ್ಪ ಹಾಯಿ ಇಳಿಸುತ್ತಾ ಕೂಗಿದ. "ಜಟ್ಟಾ, ಲಂಗರು ನೀರಿಗೆ ಹಾಕು!"

ಜಟ್ಟ ಲಂಗರು ಎತ್ತಿದ. ಲಂಗರಿಗೆ ಹಗ್ಗ. ಹಗ್ಗಕ್ಕೆ ಜಟ್ಟ. ಬಿಡಬೇಡ ಅಂದಿದ್ದಾನಲ್ಲ ಮಾವ! ಲಂಗರು ಬುಳಕ್ ಅಂತು. ಹಿಂದೆಯೇ ಜಟ್ಟನೂ ಬುಳಕ್!

ನೀರಿನ ಮೇಲೆ ಗುಳ್ಳೆ ಬಂತು. ಇನ್ನೊಂದಿಷ್ಟು ಗುಳ್ಳೆ ಬಂತು. ಆಮೇಲೆ ಗುಳ್ಳೆ ಬರಲಿಲ್ಲ.

"ಅಕ್ಕನಿಗೆ ಏನಂತ ಹೇಳಲಿ!" ದುರ್ಗಪ್ಪ ಹಗ್ಗಕ್ಕೆ ಬಿದ್ದ. ಎಲ್ಲರೂ ಹಗ್ಗಕ್ಕೆ ಬಿದ್ದರು. ಎಳೆದರು, ಎಳೆದರು. ನೀಲಮ್ಮಜ್ಜಿ ಕೂಡ ಕಣ್ಣು ಮುಚ್ಚಿಕೊಂಡೇ ಎಳೆದಳು. ಕೊನೆಗೆ ನೀಲಿಗಟ್ಟಿದ ಮುಖದ ಜಟ್ಟ ಮೇಲೆ ಬಂದ. ಎರಡು ಕೈಯಲ್ಲೂ ಹಗ್ಗ. ಕುಡಿದ ನೀರೆಲ್ಲ ಕಾರಿ, ಉಸಿರು ತಗೊಂಡು, ಅವನು ಆಡಿದ ಮೊದಲ ಮಾತು: "ಮಾವಾ, ಬಿಡಲಿಲ್ಲ!"

ದುರ್ಗಪ್ಪನಿಗೆ ಅಳಬೇಕೋ ಹೊಡೆಯಬೇಕೋ ತಿಳೀಲಿಲ್ಲ. ಎರಡನ್ನೂ ಮಾಡಿದ. "ಇನ್ನು ಸಿಕ್ಕಿದ್ದನ್ನೆಲ್ಲ ಹಿಡ್ಕೊಂಡು ಸಾಯಬೇಡ! ನನ್ನ ಬಾಯಲ್ಲಿ 'ಬಿಡು' ಅಂತ ಬಂದ ಕೂಡಲೇ ಕೈಯಲ್ಲಿ ಇದ್ದದ್ದನ್ನು ಬಿಟ್ಟುಬಿಡು!"

"ಆಯ್ತು ಮಾವಾ. ಬಿಡು ಅಂದರೆ ಬಿಡ್ತೇನೆ."

ಈ ಗಲಾಟೆಯಲ್ಲಿ ಹೊತ್ತು ಮೀರಿತ್ತು. ಆ ಗವಿಗೆ ಹೋಗಬೇಕಾದ್ದು ನೀರು ಇಳಿದಾಗ. ನೀರು ಏರಿದರೆ ಬಾಯಿ ಮುಚ್ಚಿಹೋಗ್ತದೆ, ಒಳಗಿದ್ದವರು ಒಳಗೇ. ಆದರೆ ಬಂದ ಜನ ಬಿಡಬೇಕಲ್ಲ. "ಗವಿ ತೋರಿಸದೇ ಕರಕೊಂಡು ಹೋಗ್ತೀರಾ?" ಅಂತ ಒಂದೇ ಸಮ ಕಾಡಿದರು. ದುರ್ಗಪ್ಪ ಆಕಾಶ ನೋಡಿದ, ನೀರು ನೋಡಿದ, "ಬೇಗ ಒಂದು ಸುತ್ತು" ಅಂದ. ಹಾಯಿಕಂಬ ಬಿಚ್ಚಿ ದೋಣಿಯೊಳಗೆ ಮಲಗಿಸಿದ. ಜಟ್ಟನ ಕೈಗೆ ಎರಡು ಹುಟ್ಟು ಕೊಟ್ಟ. ಗಟ್ಟಿ ಹುಡುಗ, ನಾಲ್ಕು ಎಳೆತಕ್ಕೆ ದೋಣಿ ಗವಿಯ ಬಾಯಿಗೆ ಬಂತು.

ಜಟ್ಟ ಬಂಡೆ ನೋಡಿ ಅಂದ: "ಮಾವಾ, ಆಗ ಆ ಕಲ್ಲಿನಲ್ಲಿ ಏಡಿ ಓಡಾಡ್ತಿತ್ತು. ಈಗ ಆ ಕಲ್ಲೇ ಕಾಣೋದಿಲ್ಲ. ನೀರು ಏರ್ತಾ ಇದೆ ಅಲ್ವಾ?"

"ಅಯ್ಯೋ ಬಿಡು! ನಾನು ಕಾಣದ ನೀರಾ?"

ಬಿಡು ಅಂದನಲ್ಲ. ಜಟ್ಟ ಬಿಟ್ಟ. ಎರಡೂ ಹುಟ್ಟು ಬಿಟ್ಟ!

ಹುಟ್ಟುಗಳು ಬಂಡೆಗೆ ಬಡಿದು ಹೊರಗೇ ತೇಲಿ ಹೋದವು. ದೋಣಿಯನ್ನು ಮಾತ್ರ ಏರುನೀರು ಗವಿಯೊಳಗೆ ನುಂಗಿತು.

ಒಳಗೆ ಕತ್ತಲೆ. ತಣ್ಣಗೆ. ಮೇಲಿನ ಕಲ್ಲಿನಿಂದ ತೊಟ್ ತೊಟ್ ಅಂತ ನೀರು. ಹಾಯಿಕಂಬದಿಂದ ನೂಕೋಣ ಅಂದರೆ ಅದನ್ನು ತಿರುಗಿಸಲು ಅಲ್ಲಿ ಜಾಗ ಇಲ್ಲ. ಹೊರಗಿನ ಬೆಳಕು ಬಾಗಿಲಷ್ಟು ಇದ್ದದ್ದು ಕಿಟಕಿಯಷ್ಟು ಆಯಿತು. ನೋಡ್ತಾ ನೋಡ್ತಾ ಮೊರದಷ್ಟು ಆಯಿತು.

ಈ ಸಲ ದುರ್ಗಪ್ಪ ಬೈಯಲಿಲ್ಲ. ಮಾವ ಬೈಯದಿದ್ದದ್ದು ನೋಡಿ ಜಟ್ಟನಿಗೆ ಆ ದಿನ ಮೊದಲ ಬಾರಿಗೆ ಹೆದರಿಕೆ ಆಯಿತು.

"ಜಟ್ಟಾ," ದುರ್ಗಪ್ಪ ಅಂದ, "ಹೊರಗೆ ಬಲೆಯವರು ಇದ್ದರೂ ಇರಬಹುದು. ಯಾರಾದರೂ ಇದ್ದೀರಾ ಅಂತ ಕೂಗು."

ಜಟ್ಟ ಎದೆ ತುಂಬ ಉಸಿರು ತಗೊಂಡು ಕೂಗಿದ. "ಯಾರಾದರೂ ಇದ್ದೀರಾ ಅಂತಾ!"

ಗವಿಯ ಹೊಟ್ಟೆಯೊಳಗಿಂದ ಒಂದು ಗಂಡಸಿನ ದನಿ ಬಂತು. "...ಅಂತಾ ...ಅಂತಾ."

ಜಟ್ಟ ಕತ್ತಲಿನ ಕಡೆ ತಿರುಗಿದ. ಒಳಗೆ ಯಾರೋ ಇದ್ದಾರೆ! "ಯಾರದು?" ಅಂದ. "...ಯಾರದು?" ಅಂತು. ತೊದಲುತ್ತಾ ಕೇಳಿದ, "ಅಪ್ಪ?"

"...ಅಪ್ಪ ...ಅಪ್ಪ."

ಜಟ್ಟನ ದನಿ ಥೇಟ್ ಅವನ ಅಪ್ಪನ ದನಿ ಅಂತ ಊರೆಲ್ಲ ಹೇಳ್ತಿತ್ತು. ದುರ್ಗಪ್ಪನಿಗೂ ಒಂದು ಗಳಿಗೆ ಮೈಮೇಲೆ ಮುಳ್ಳೆದ್ದವು. ನೀಲಮ್ಮಜ್ಜಿ ಬಿಕ್ಕಿ ಬಿಕ್ಕಿ ಅಳಲು ಶುರು ಮಾಡಿದಳು.

"ಸಾಕು, ಸಾಕು!" ದುರ್ಗಪ್ಪ ಎಚ್ಚೆತ್ತ. "ಎಲ್ಲರೂ ಅಡ್ಡ ಮಲಗಿ, ತಲೆ ಎತ್ತಬೇಡಿ! ಜಟ್ಟಾ, ಅಂಗಾತ ಮಲಗು. ಮೇಲಿನ ಕಲ್ಲು ಕೈಗೆ ಸಿಗ್ತದಲ್ಲ? ನಾನು ಹಿಡಿ ಅಂದರೆ ಹಿಡಿದು ಬೆಳಕಿನ ಕಡೆ ಎಳಿ. ಬಿಡು ಅಂದರೆ ಬಿಟ್ಟು ಮುಂದಿನ ಕಲ್ಲಿಗೆ ಕೈ ಹಾಕು. ಹಿಡಿ!"

ಜಟ್ಟ ಹಿಡಿದ. ಆ ಸುಣ್ಣಕಲ್ಲಿನ ಅಂಚು ಈಳಿಗೆಯಷ್ಟು ಚೂಪು. ಅಂಗೈ ಸೀಳಿತು.

"ಬಿಡು!" ಬಿಟ್ಟ. "ಹಿಡಿ!" ಹಿಡಿದ. "ಬಿಡು! ಹಿಡಿ!"

ನಾನೂ ನೀವೂ ಆಗಿದ್ದರೆ ಎರಡನೇ ಸಲಕ್ಕೆ ಕೈ ನೆಕ್ಕಿಕೊಂಡು ಕೂರ್ತಿದ್ದೆವು. ಆದರೆ ಜಟ್ಟನಿಗೆ ಹಿಡಿ ಅಂದರೆ ಹಿಡಿ, ಬಿಡು ಅಂದರೆ ಬಿಡು. ರಕ್ತ ಮುಖದ ಮೇಲೆ ತೊಟ್ಟಿಕ್ಕಿತು, ಆದರೂ ಹಿಡಿದ. ಮೇಲಿನ ಕಲ್ಲು ಮೂಗಿಗೆ ತಾಗಿತು, ಆದರೂ ಹಿಡಿದ. ದೋಣಿ ಕರಕರ ಅಂತ ಉಜ್ಜುತ್ತಾ, ಮೊರದಷ್ಟು ಬೆಳಕಿನೊಳಗೆ ನುಸುಳಿ, ಹೊರಗೆ ಬಿತ್ತು.

ಬಿಸಿಲು! ಜನ ಒಬ್ಬರನ್ನೊಬ್ಬರು ಅಪ್ಪಿಕೊಂಡು ಅತ್ತರು. ಜಟ್ಟ ಮಾತ್ರ ಎದ್ದು ಗವಿಯ ಕಡೆ ತಿರುಗಿದ. ಅಮ್ಮ ಕಲಿಸಿದ ಮಾತು ಮರೆತವನಲ್ಲ.

"ಅಪ್ಪಾ, ಹೋಗಿ ಬರ್ತೇನೆ!"

ಮುಚ್ಚುತ್ತಿದ್ದ ಬಾಯಿಯೊಳಗಿಂದ ಉತ್ತರ ಬಂತು. "...ಬರ್ತೇನೆ ...ಬರ್ತೇನೆ."

ದುರ್ಗಪ್ಪ ಹಾಯಿಕಂಬ ಮತ್ತೆ ನಿಲ್ಲಿಸಿ ಹಾಯಿ ಏರಿಸಿದ.

ಇತ್ತ ದಡದಲ್ಲಿ ಏನಾಯಿತು ಕೇಳಿ. ಏರುನೀರು ಆ ಎರಡು ಹುಟ್ಟನ್ನು ದೋಣಿಗಿಂತ ಮೊದಲೇ ತಂದು ಊರಿನ ದಡಕ್ಕೆ ಹಾಕಿತ್ತು. ಮಾಸ್ತಮ್ಮ ನೋಡಿದಳು. ಎರಡು ಹುಟ್ಟು. ದೋಣಿ ಇಲ್ಲ. ಸೀರೆ ನೆನೆಯುವುದೂ ತಿಳಿಯದೆ ಸೊಂಟದವರೆಗೆ ನೀರಿಗೆ ಇಳಿದು, ಎರಡೂ ಹುಟ್ಟನ್ನು ಎದೆಗೆ ಅವಚಿಕೊಂಡು ನಿಂತಳು. ಊರವರು ಕರೆದರು, ಬರಲಿಲ್ಲ. ಎಳೆದರು, ಅಲುಗಲಿಲ್ಲ.

ಹೊತ್ತು ಕಂತುವಾಗ ಹಾಯಿ ಕಂಡಿತು. ಜಟ್ಟ ದೋಣಿಯಿಂದ ಇಳಿದು ಬಂದ. ಮಾಸ್ತಮ್ಮ ಕೆನ್ನೆಗೆ ರಪ್ ಅಂತ ಒಂದು ಕೊಟ್ಟಳು. ಆಮೇಲೆ ಗಟ್ಟಿ ಅಪ್ಪಿಕೊಂಡಳು. "ಯಾಕೋ ನನ್ನ ಜೀವ ತಿಂತೀಯ!"

"ನಾನೆಲ್ಲಿ ತಿಂದೆ ಅಮ್ಮಾ? ಬೆಳಿಗ್ಗೆಯಿಂದ ಏನೂ ತಿಂದಿಲ್ಲ."

ಮನೆಗೆ ಬಂದರು. ಅಂಗೈಗೆ ಅರಿಶಿನ ಮೆತ್ತಿ ಬಟ್ಟೆ ಕಟ್ಟಿದಳು. ಮಗನಿಗೂ ತಮ್ಮನಿಗೂ ತಟ್ಟೆ ಹಾಕಿದಳು.

"ಅಮ್ಮಾ, ಇನ್ನೊಂದು ತಟ್ಟೆ ಹಾಕು."

"ಯಾರಿಗೆ?"

"ಅಪ್ಪನಿಗೆ."

ಮಾಸ್ತಮ್ಮನ ಕೈಯ ಸೌಟು ಅಲ್ಲೇ ನಿಂತಿತು. ದುರ್ಗಪ್ಪ ತಲೆ ತಗ್ಗಿಸಿದ. "ಗವಿ ಅಕ್ಕಾ. ನಾವು ಕೂಗಿದ್ದನ್ನೇ ಅದು ತಿರುಗಿ ಕೂಗ್ತದೆ."

"ಗವಿ ಅಲ್ಲ!" ಅಂದ ಜಟ್ಟ. "ನಾನು ಹೋಗಿ ಬರ್ತೇನೆ ಅಂದೆ. ಅಪ್ಪ ಬರ್ತೇನೆ ಅಂದ. ಎರಡೆರಡು ಸಲ ಅಂದ. ಹಾಗೆ ಅಂದವರು ಬಂದೇ ಬರ್ತಾರೆ ಅಂತ ಹೇಳಿದ್ದು ನೀನೇ ಅಲ್ವಾ ಅಮ್ಮಾ?"

ಮಗ ಹುಟ್ಟಿದಾಗಿನಿಂದ ಮಾಸ್ತಮ್ಮ ಅವನಿಗೆ ಬೈಯದೇ ಬಿಟ್ಟದ್ದಿಲ್ಲ. ಆವತ್ತು ಅವಳ ಬಾಯಿಗೆ ಒಂದು ಬೈಗುಳವೂ ಬರಲಿಲ್ಲ. ಒಲೆಯ ಕಡೆ ತಿರುಗಿ ಕೂತು ಸೌದೆ ಮುಂದೆ ನೂಕಿದಳು. ಆಮೇಲೆ ಎದ್ದಳು. ಅಟ್ಟದಿಂದ ಒಂದು ಹಳೇ ತಟ್ಟೆ ಇಳಿಸಿ, ತೊಳೆದು, ಜಟ್ಟನ ಪಕ್ಕ ಇಟ್ಟಳು. ಮೆಲ್ಲಗೆ ಅಂದಳು. "ಹಾಗಾದರೆ ಬಾಗಿಲು ತೆಗೆದಿಡು ಮಗಾ."

"ಆಯ್ತು ಅಮ್ಮಾ. ಹೋಗಿ ಬರ್ತೇನೆ!"

ಹೊರಗೆ ಕಿರ್ರ್ ಅಂತು. ಧಡ್ ಅಂತು. ಕಡಲಗಾಳಿ ಒಂದೇ ಸಲಕ್ಕೆ ಒಳಗೆ ನುಗ್ಗಿತು. ದೀಪ ಆರಿತು. ಕೋಳಿಗಳು ಕೂಗಿಕೊಂಡವು.

"ಜಟ್ಟಾ, ಏನೋ ಅದು?"

ಕತ್ತಲಲ್ಲಿ ಜಟ್ಟನ ದನಿ, ಥೇಟ್ ಅವನ ಅಪ್ಪನ ದನಿ, ಅಂಗಳದಿಂದ ಬಂತು. "ತೆಗೆದೆ ಅಮ್ಮಾ! ತೆಗೆದು ಸೌದೆ ರಾಶಿಯ ಮೇಲೆ ಇಟ್ಟೆ!"

ಬಾಗಿಲನ್ನೇ ಕಿತ್ತು ತೆಗೆದಿಟ್ಟಿದ್ದ!

ಮಾಸ್ತಮ್ಮ ಅದನ್ನು ಮತ್ತೆ ಕೂರಿಸಲೇ ಇಲ್ಲ ಅಂತಾರೆ. ದುರ್ಗಪ್ಪ ಬಡಗಿಯನ್ನು ಕರಕೊಂಡು ಬಂದರೆ, "ಇರಲಿ ತಮ್ಮಾ, ಗಾಳಿ ಬರಲಿ" ಅಂತಾಳಂತೆ.

ಕತೆ ಅಷ್ಟೇ. ಏಳಿ ಇನ್ನು, ಕತ್ತಲಾಯಿತು. ಹೋಗಿ ಅಂತ ನಾನು ಅನ್ನೋದಿಲ್ಲಪ್ಪ. ಹೋಗಿ ಬನ್ನಿ.