ನಡುಮನೆಯ ಗೋಡೆ

ಮುಳ್ಳುಹಂದಿ ಮನೆ ಕಟ್ಟುವುದಿಲ್ಲ ಮಕ್ಕಳೇ, ತೋಡುತ್ತದೆ. ಕುರುಚಲು ಕಾಡಿನ ಅಂಚಿನ ಬೋಳು ಗುಡ್ಡದಲ್ಲಿ ಹಾಗೆ ಮನೆ ತೋಡಲು ಹೊರಟ ದೊಡ್ಡ ಕುಟುಂಬವೊಂದರ ಕತೆ ಇದು. ಇದರಲ್ಲಿ ನಗುವುದಕ್ಕೆ ಹೆಚ್ಚೇನೂ ಇಲ್ಲ. ಆದರೂ ಕೇಳಿ.

ಹಳೆಯ ಬಿಲದ ಪಕ್ಕದಲ್ಲಿ ಮನುಷ್ಯರು ಬಂಡೆ ಒಡೆಯಲು ಶುರುಮಾಡಿದ್ದರು. ಆ ಸದ್ದು ತಾಳಲಾರದೆ ಮುಳ್ಳಜ್ಜಿ ಮಕ್ಕಳು, ಸೊಸೆಯರು, ಮೊಮ್ಮಕ್ಕಳನ್ನೆಲ್ಲ ಕರೆದುಕೊಂಡು ಇಲ್ಲಿಗೆ ಬಂದಳು. ಕಾಲುದಾರಿಯೂ ಇಲ್ಲದ ನೆಲ. ನೆರೆಯವರೆಂದರೆ ಪೊದೆಯಲ್ಲಿದ್ದ ಒಂಟಿ ಮೊಲ. ಗುಡ್ಡದ ಬುಡದಲ್ಲಿ ಒಂದಿಷ್ಟು ನೀರು ಜಿನುಗುತ್ತಿತ್ತು, ಮಣ್ಣೊಳಗೆ ಗೆಡ್ಡೆಗಳಿದ್ದವು.

"ಇಷ್ಟು ಸಾಕು," ಎಂದಳು ಅಜ್ಜಿ. "ಉಳಿದದ್ದನ್ನ ನಾವೇ ಮಾಡಿಕೊಳ್ಳೋಣ."

ಮಾಡಿಕೊಂಡರು. ಹಗಲು ಮಲಗಿ, ಕತ್ತಲಾಗುತ್ತಲೇ ಎದ್ದು ತೋಡಿದರು. ಹಿರಿಯ ಮಗ ಕರಿಮುಳ್ಳ ಮುಂದೆ ನಿಂತು ಮಣ್ಣು ಕೆದರುವನು. ಅವನ ತಮ್ಮ ಮೋಟ ಅದನ್ನು ಹಿಂಗಾಲಿನಿಂದ ತಳ್ಳುವನು. ಸೊಸೆಯರು ಹೊರಗೆ ಸಾಗಿಸುವರು. ಅಡ್ಡ ಬಂದ ಬೇರುಗಳನ್ನು ಮರಿಗಳು ಕಡಿದು ತಿಂದು ಮುಗಿಸುವವು. ಹೆರಿಗೆಗೆಂದು ತವರಿನಲ್ಲೇ ಇದ್ದ ಕಿರಿಮಗಳು ಚುಕ್ಕಿ ಕೂಡ ತುಂಬಿದ ಹೊಟ್ಟೆ ಹೊತ್ತುಕೊಂಡು ಒಣಹುಲ್ಲು ತಂದು ಹಾಕಿದಳು. ಅಷ್ಟು ದಣಿವಿನಲ್ಲೂ ಯಾರೂ ಜಗಳವಾಡಲಿಲ್ಲ. ನಾನು ಕಂಡ ಮನೆಗಳಲ್ಲೆಲ್ಲ ಜಗಳ ಶುರುವಾಗುವುದು ಕೆಲಸ ಮುಗಿದ ಮೇಲೆಯೇ.

ಮಧ್ಯದಲ್ಲಿ ನಡುಮನೆ, ಅದರ ಸುತ್ತ ಒಬ್ಬೊಬ್ಬರಿಗೆ ಒಂದೊಂದು ಕೋಣೆ. ಕೋಣೆಗಳಿಗೂ ನಡುಮನೆಗೂ ನಡುವೆ ಅಜ್ಜಿ ಮಣ್ಣನ್ನು ತೋಡಿಸದೆ ದಪ್ಪನೆಯ ಗೋಡೆಯಾಗಿ ಉಳಿಸಿದಳು.

"ಇಷ್ಟು ದಪ್ಪ ಯಾಕವ್ವ? ಜಾಗ ದಂಡ," ಎಂದ ಮೋಟ.

"ಮಳೆ ಬಿದ್ದು ಹುಲ್ಲು ಚಿಗುರಿದರೆ ಕಾಡುಕೋಣಗಳು ನಮ್ಮ ತಲೆ ಮೇಲೇ ಮೇಯೋಕೆ ಬರ್ತವೆ. ಅವುಗಳ ಭಾರ ಹೊರೋದು ಈ ಗೋಡೆ ಕಣೋ. ಇದು ಯಾರ ಪಾಲಿಗೂ ಸೇರಿದ್ದಲ್ಲ. ಯಾರೂ ಇದಕ್ಕೆ ಉಗುರು ತಾಗಿಸಬೇಡಿ."

"ಆಯ್ತವ್ವ," ಎಂದರು ಎಲ್ಲರೂ. ಆಗ ಅವರು ಮನಸ್ಸಿನಿಂದಲೇ ಹಾಗೆಂದರು.

ಮನೆ ಮುಗಿದ ಮೇಲೆ ಮೊಲ ನೋಡಲು ಬಂತು. ಎಲ್ಲ ಕೋಣೆಗಳಲ್ಲೂ ಇಣುಕಿ, ಕೊಟ್ಟ ಗೆಡ್ಡೆ ತಿಂದು, ಹೊರಡುವಾಗ ಮೋಟನ ಬಾಗಿಲಲ್ಲಿ ನಿಂತಿತು.

"ಚೆನ್ನಾಗಿದೆ ಮೋಟಣ್ಣ. ನಿಮ್ಮಣ್ಣನ ಕೋಣೆ ಇದಕ್ಕಿಂತ ಚೂರು ದೊಡ್ಡದು, ಅಲ್ವಾ?"

"ಇಲ್ಲವಲ್ಲ. ಎರಡೂ ಒಂದೇ ಅಳತೆ."

"ಹೌದಾ? ನಂಗೆ ಹಾಗೆ ಕಾಣ್ತು. ಬಿಡಿ, ಪೊದೇಲಿ ಮಲಗೋನಿಗೆ ಏನು ಗೊತ್ತಾಗತ್ತೆ!"

ಮೊಲದ ಮನಸ್ಸಿನಲ್ಲಿ ಕೆಟ್ಟದ್ದೇನೂ ಇರಲಿಲ್ಲ. ಅದಕ್ಕೆ ಸುಮ್ಮನಿರಲು ಬರುತ್ತಿರಲಿಲ್ಲ, ಅಷ್ಟೆ.

ಅಂದು ಮೋಟನಿಗೆ ನಿದ್ದೆ ಹತ್ತಲಿಲ್ಲ. ನಡುಹಗಲಿನಲ್ಲಿ ಎಲ್ಲರೂ ಗೊರಕೆ ಹೊಡೆಯುತ್ತಿದ್ದಾಗ ಎದ್ದು ಗೋಡೆಯಿಂದ ಒಂದು ಹಿಡಿ ಮಣ್ಣು ಕೆರೆದ. ಅದನ್ನು ತನ್ನ ಕೋಣೆಯ ನೆಲದಲ್ಲೇ ಹರಡಿ, ತುಳಿದು, ಮೇಲೆ ಹುಲ್ಲು ಹಾಸಿದ. ನಡುಮನೆಯ ಕಡೆಯಿಂದ ನೋಡಿದರೆ ಗೋಡೆ ಹೇಗಿತ್ತೋ ಹಾಗೇ ಇತ್ತು.

ಪಕ್ಕದ ಕೋಣೆಯಲ್ಲಿದ್ದ ಕರಿಮುಳ್ಳನಿಗೆ ಆ ಕರಕರ ಸದ್ದು ಕೇಳಿಸಿತು. ಅವನು ಎದ್ದು ಹೋಗಿ, "ಏನೋ ಅದು, ಮೋಟ?" ಎಂದು ಕೇಳಿದ್ದರೆ ಈ ಕತೆ ಇಲ್ಲಿಗೇ ಮುಗಿಯುತ್ತಿತ್ತು. ಕೇಳಲಿಲ್ಲ. "ಅವನು ತಗೊಂಡರೆ ನಾನು ಮಾತ್ರ ಯಾಕೆ ಬಿಡಲಿ?" ಎಂದುಕೊಂಡು ತಾನೂ ಒಂದು ಹಿಡಿ ಕೆರೆದ.

ಅಷ್ಟರಲ್ಲಿ ಚುಕ್ಕಿಗೆ ಅವಳಿ ಮರಿಗಳಾಗಿದ್ದವು. ಬಾಣಂತಿಯ ನಿದ್ದೆ ತೆಳು. ಎರಡೂ ಸದ್ದು ಅವಳಿಗೆ ಕೇಳಿಸಿತು. "ಅಣ್ಣಂದಿರು ತವರನ್ನೆಲ್ಲ ತಾವೇ ನುಂಗ್ತಿದ್ದಾರೆ. ನನ್ನ ಮಕ್ಕಳಿಗೆ ಹೊರಳೋಕೆ ಜಾಗ ಬೇಡವಾ?" ಎಂದು ಅವಳ ಕಣ್ಣಲ್ಲಿ ನೀರು ಬಂತು. ಕಣ್ಣೊರೆಸಿಕೊಂಡು ಅವಳೂ ಕೆರೆದಳು.

ಅಲ್ಲಿಂದ ದಿನವೂ ಅದೇ. ಇವತ್ತೊಂದು ಹಿಡಿ, ಸಾಕು. ನಾಳೆ ಮತ್ತೊಂದು ಹಿಡಿ. ತನ್ನ ಕಡೆ ಸ್ವಲ್ಪ ತೆಳುವಾದರೇನು, ಉಳಿದ ಕಡೆ ಗಟ್ಟಿಯಾಗಿದೆಯಲ್ಲ ಎಂದು ಪ್ರತಿಯೊಬ್ಬರೂ ಧೈರ್ಯವಾಗಿದ್ದರು.

ಒಂದು ಸಂಜೆ ಅಜ್ಜಿ ಮೋಟನ ಕೋಣೆಗೆ ಬಂದಳು. "ನೆಲ ಯಾಕೋ ಎತ್ತರವಾದಂತಿದೆ?"

"ಥಂಡಿ ಅಂತ ಹುಲ್ಲು ಜಾಸ್ತಿ ಹಾಕಿದ್ದೀನಿ, ಅವ್ವ."

ಅಜ್ಜಿ ನಂಬಿದಳು. ಹೆತ್ತ ಮಗನ ಮಾತು ನಂಬದೆ ಹುಲ್ಲು ಎತ್ತಿ ನೋಡುವ ತಾಯಿ ಅವಳಲ್ಲ.

ಮಳೆ ಬಂತು. ಗುಡ್ಡವೆಲ್ಲ ಹಸಿರಾಯಿತು. ಒಂದು ಮಧ್ಯಾಹ್ನ ಅಜ್ಜಿ ಚುಕ್ಕಿಗೆ, "ನೀನು ಸ್ವಲ್ಪ ಮಲಗವ್ವ, ಕೂಸುಗಳನ್ನ ನಾನು ನೋಡ್ಕೋತೀನಿ," ಎಂದು ಹಾಲು ಕುಡಿದ ಮರಿಗಳನ್ನು ನಡುಮನೆಗೆ ತಂದು ಹೊಟ್ಟೆಯ ಮಗ್ಗುಲಲ್ಲಿ ಮಲಗಿಸಿಕೊಂಡಳು. ಆಗಲೇ ಕಾಡುಕೋಣಗಳ ಹಿಂಡು ಮೇಯುತ್ತ ಗುಡ್ಡ ಹತ್ತಿತು. ಅಜ್ಜಿ ಹೆದರಲಿಲ್ಲ. ಗೋಡೆ ಇದೆಯಲ್ಲ ಎಂದು ಅವಳಿಗೆ ನೆಮ್ಮದಿ.

ಗೋಡೆ ಒಂದೇ ಸಲಕ್ಕೆ ಕೂತುಬಿಟ್ಟಿತು. ಅದರೊಂದಿಗೆ ನಡುಮನೆಯ ಮಾಡು ಕುಸಿಯಿತು.

ಸುತ್ತಲಿನ ಕೋಣೆಗಳಿಂದ ಎಲ್ಲರೂ ಚೀರುತ್ತ ಎದ್ದರು. "ನನ್ನ ಮಕ್ಕಳು! ಅವ್ವ! ನನ್ನ ಮಕ್ಕಳು!" ಎಂದು ಚುಕ್ಕಿ ಉಗುರು ಕಿತ್ತು ರಕ್ತ ಬರುವವರೆಗೆ ಮಣ್ಣು ಬಗೆದಳು. ಎಲ್ಲರೂ ಬಗೆದರು. ಕೊನೆಗೆ ಮೋಟನ ಪಾದಕ್ಕೆ ಒಂದು ಮುಳ್ಳು ಚುಚ್ಚಿತು.

ಅದು ಅಜ್ಜಿಯ ಮುಳ್ಳು. ಮಣ್ಣು ಬೀಳುವಾಗ ಅವಳು ಮರಿಗಳನ್ನು ಕೆಳಗೆ ಎಳೆದುಕೊಂಡು, ಮೈಮೇಲಿನ ಮುಳ್ಳುಗಳನ್ನೆಲ್ಲ ನಿಮಿರಿಸಿ ಮಣ್ಣಿಗೆ ಬೆನ್ನು ಕೊಟ್ಟಿದ್ದಳು. ಅವಳ ಹೊಟ್ಟೆಯ ಕೆಳಗಿನ ಪುಟ್ಟ ಜಾಗದಲ್ಲಿ ಎರಡೂ ಮರಿಗಳು ಉಸಿರಾಡುತ್ತಿದ್ದವು. ಅಜ್ಜಿ ಉಸಿರಾಡುತ್ತಿರಲಿಲ್ಲ.

"ಯಾರು ಗೋಡೆ ಕೆರೆದದ್ದು?" ಎಂದು ಕರಿಮುಳ್ಳ ಗುಡುಗಿದ. ಆಮೇಲೆ ತನ್ನದೇ ದನಿ ಕೇಳಿ ತಲೆ ತಗ್ಗಿಸಿದ. "ನಾನೂ ಕೆರೆದೆ," ಎಂದ.

"ಮೊದಲು ಕೆರೆದವನು ನಾನು ಅಣ್ಣ," ಎಂದ ಮೋಟ.

ಚುಕ್ಕಿ ತಾಯಿಯ ಕಾಲ ಬಳಿ ಕುಸಿದು ಕೂತು ಅತ್ತಳು. ಒಬ್ಬನದೇ ತಪ್ಪಾಗಿದ್ದರೆ ಅವನನ್ನು ಬೈದು, ಹೊಡೆದು, ಮನೆಯಿಂದ ಆಚೆ ಹಾಕಿ ಸಿಟ್ಟು ತೀರಿಸಿಕೊಳ್ಳಬಹುದಿತ್ತು. ಇಲ್ಲಿ ಯಾರು ಯಾರನ್ನು ಬೈಯಬೇಕು?

ಕತ್ತಲಾಗುವ ಹೊತ್ತಿಗೆ ಮರಿಗಳು ಎಚ್ಚರವಾದವು. ಚುಕ್ಕಿ ಅವುಗಳನ್ನು ಹಾಲಿಗೆ ಹಚ್ಚಿಕೊಳ್ಳಲು ಹೋದಳು. ಅವು ಅವಳ ಕೈಯಿಂದ ಜಾರಿ ತೆವಳುತ್ತ ತಣ್ಣಗಾದ ಅಜ್ಜಿಯ ಹೊಟ್ಟೆಯ ಮಗ್ಗುಲಿಗೇ ಹೋಗಿ ಮಲಗಿದವು.

ನೀತಿ: ಎಲ್ಲರಿಗೂ ಸೇರಿದ ಗೋಡೆಯಿಂದ ಒಬ್ಬೊಬ್ಬರೂ ಕದ್ದದ್ದು ಒಂದೊಂದೇ ಹಿಡಿ ಇರಬಹುದು, ಬಿದ್ದಾಗ ಅದು ಪೂರ್ತಿಯಾಗಿಯೇ ಬೀಳುತ್ತದೆ, ಏನೂ ಕದಿಯದವರ ಮೇಲೆ ಬೀಳುತ್ತದೆ.